ಅಪ್ಪನಿಗೆ ಪಾರ್ಕಿನ್ಸನ್, ಮನೆಗೆ ‘ನ್ಯಾನೋ’ ಹನಿ ಬಂದಿದೆ: ನ್ಯಾನೋಜೈಮ್ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ

ತುಂಗೆಯ ದಡ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಅಪ್ಪನಿಗೆ 68 ವರ್ಷ. ಪಾರ್ಕಿನ್ಸನ್ ಇದೆ ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ಬಲಗೈ ನಡುಗುತ್ತೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ. ಕಳೆದ ತಿಂಗಳು ಅಮ್ಮನ ಪರಿಚಯದವರೊಬ್ಬರು ಒಂದು ಸಣ್ಣ ಬಾಟಲಿ ಕೊಟ್ಟು ಹೋಗಿದ್ದಾರೆ. 30 ಎಂಎಲ್‌ಗೆ 1,850 ರೂಪಾಯಿ. ಮೇಲೆ ‘ನ್ಯಾನೋ ಆಂಟಿಆಕ್ಸಿಡೆಂಟ್’ ಅಂತ ದೊಡ್ಡದಾಗಿ ಇದೆ. ಒಳಗೆ ಏನಿದೆ, ಎಷ್ಟಿದೆ ಅಂತ ಎಲ್ಲೂ ಬರೆದಿಲ್ಲ. ‘ಇದು ಬೆಂಗಳೂರಿನ ವಿಜ್ಞಾನಿಗಳೇ ಕಂಡುಹಿಡಿದದ್ದು, ಕಿಣ್ವದ ಹಾಗೆ ಕೆಲಸ ಮಾಡಿ ಮೆದುಳಿನ ವಿಷ ತೆಗೆಯುತ್ತೆ’ ಅಂತ ಹೇಳಿದರಂತೆ. ಅಮ್ಮ ಹತ್ತು ದಿನದಿಂದ ಬೆಳಿಗ್ಗೆ ಐದು ಹನಿ ಹಾಕುತ್ತಿದ್ದಾರೆ. ನನಗೆ ಗೊತ್ತಾಗಿದ್ದು ನಿನ್ನೆ ಊರಿಗೆ ಬಂದ ಮೇಲೆ.

ನಾನು ಓದಿದ್ದು ಬಿ.ಕಾಂ. ರಾತ್ರಿಯೆಲ್ಲಾ ಹುಡುಕಿದೆ. ನ್ಯಾನೋಜೈಮ್ ಅನ್ನೋದು ನಿಜಕ್ಕೂ ಇದೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆಲಸ ನಡೆದಿರುವುದೂ ನಿಜ, ಪಾರ್ಕಿನ್ಸನ್ ಹೆಸರೂ ಅದರಲ್ಲಿ ಬರುತ್ತೆ. ಅದಕ್ಕೇ ಗೊಂದಲ. ಪೂರ್ತಿ ಸುಳ್ಳಾಗಿದ್ದರೆ ಬಾಟಲಿ ಎಸೆದುಬಿಡುತ್ತಿದ್ದೆ. ಗೊತ್ತಿರುವವರು ಬಿಡಿಸಿ ಹೇಳ್ತೀರಾ?

ರಾತ್ರಿಪಾಳಿ:
ನಾನು ನರ್ಸ್, ಹದಿನಾರು ವರ್ಷದಿಂದ ವಾರ್ಡಿನಲ್ಲಿದ್ದೇನೆ. ವಿಜ್ಞಾನದ ಮಾತು ಆಮೇಲೆ ಆಗಲಿ. ಮೊದಲು ಹನಿ ನಿಲ್ಲಿಸಿ. ಬಾಟಲಿ ಎಸೆಯಬೇಡಿ, ಡಾಕ್ಟರಿಗೆ ತೋರಿಸಲು ಬೇಕು. ಅಪ್ಪನ ಮಾಮೂಲಿ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ‘ಹನಿ ಕೆಲಸ ಮಾಡ್ತಿದೆ, ಮಾತ್ರೆ ಕಡಿಮೆ ಮಾಡೋಣ’ ಅಂತ ಅಮ್ಮ ಏನಾದರೂ ಕಡಿಮೆ ಮಾಡಿದ್ದಾರಾ ಅಂತ ಮೆಲ್ಲಗೆ ಕೇಳಿ. ಬಯ್ಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ತುಂಗೆಯ ದಡ:
ನಿಲ್ಲಿಸಿದೆ ಅಕ್ಕ. ಮಾತ್ರೆ ಕಡಿಮೆ ಮಾಡಿಲ್ಲ ಅಂದರು. ಸ್ವಲ್ಪ ಉಸಿರು ಬಂತು.

ಗಾಜಿನ ಸೀಸೆ:
ನಾನು ಪಿಎಚ್‌ಡಿ ಮಾಡುತ್ತಿರುವುದು ಇದೇ ವಿಷಯದಲ್ಲಿ, ಸೀರಿಯಂ ಆಕ್ಸೈಡ್ ಕಣಗಳ ಮೇಲೆ. ನಿಮ್ಮ ಅಮ್ಮನಿಗೆ ಹೇಳಿದ ಮಾತಿನಲ್ಲಿ ಅರ್ಧ ನಿಜ ಇದೆ. ಆ ಅರ್ಧ ಎಷ್ಟು ಅಂತ ಹೇಳುತ್ತೇನೆ.

ನಾವು ಉಸಿರಾಡುವ ಆಮ್ಲಜನಕದಲ್ಲಿ ಹೆಚ್ಚಿನ ಪಾಲು ಜೀವಕೋಶದ ಮೈಟೊಕಾಂಡ್ರಿಯದಲ್ಲಿ ನೀರಾಗುತ್ತೆ. ಅಲ್ಲಿ ಕೆಲವೊಮ್ಮೆ ಒಂದು ಎಲೆಕ್ಟ್ರಾನ್ ಸೋರಿ ನೇರವಾಗಿ ಆಮ್ಲಜನಕಕ್ಕೆ ಸೇರಿಬಿಡುತ್ತೆ. ಆಗ ಹುಟ್ಟುವುದು ಸೂಪರ್‌ಆಕ್ಸೈಡ್. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ. ಪೆರಾಕ್ಸೈಡ್‌ಗೆ ಕಬ್ಬಿಣದ ಅಯಾನು ಸಿಕ್ಕರೆ ಹೈಡ್ರಾಕ್ಸಿಲ್ ರ್ಯಾಡಿಕಲ್ ಹುಟ್ಟುತ್ತೆ. ಮೂರರಲ್ಲಿ ಇದೇ ತುಂಬಾ ಕೆಟ್ಟದ್ದು. ಡಿಎನ್‌ಎ, ಕೊಬ್ಬು, ಪ್ರೋಟೀನ್, ಹತ್ತಿರ ಏನು ಸಿಕ್ಕರೂ ಸುಡುತ್ತೆ. ಇದನ್ನು ಹಿಡಿಯುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅದು ಹುಟ್ಟುವ ಮೊದಲೇ ತಡೆಯಬೇಕು.

ಆ ತಡೆಯುವ ಕೆಲಸಕ್ಕೆ ಮೂರು ಕಿಣ್ವ. ಸೂಪರ್‌ಆಕ್ಸೈಡ್ ಡಿಸ್ಮ್ಯೂಟೇಸ್ (1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಇದನ್ನು ತೋರಿಸಿಕೊಟ್ಟರು), ಕ್ಯಾಟಲೇಸ್, ಆಮೇಲೆ ಗ್ಲುಟಾಥಯೋನ್ ಪೆರಾಕ್ಸಿಡೇಸ್. ಮೊದಲನೆಯದು ಎರಡು ಸೂಪರ್‌ಆಕ್ಸೈಡನ್ನು ತೆಗೆದುಕೊಂಡು ಒಂದನ್ನು ಆಮ್ಲಜನಕ, ಇನ್ನೊಂದನ್ನು ಪೆರಾಕ್ಸೈಡ್ ಮಾಡುತ್ತೆ. ಉಳಿದ ಎರಡು ಆ ಪೆರಾಕ್ಸೈಡನ್ನು ನೀರು ಮಾಡುತ್ತವೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಮೊದಲನೆಯ ಕಿಣ್ವ ಒಂದೇ ಜೋರಾಗಿ ಓಡಿ, ಹಿಂದಿನ ಎರಡು ನಿಧಾನ ಆದರೆ ಪೆರಾಕ್ಸೈಡ್ ತುಂಬಿಕೊಳ್ಳುತ್ತೆ. ಪಕ್ಕದಲ್ಲಿ ಕಬ್ಬಿಣ ಇದ್ದರೆ ಸ್ಥಿತಿ ಮೊದಲಿಗಿಂತ ಹದಗೆಡುತ್ತೆ. ‘ಕೆಟ್ಟದ್ದನ್ನು ತೆಗೆಯುವ ವಸ್ತು, ಜಾಸ್ತಿ ಹಾಕಿದಷ್ಟೂ ಒಳ್ಳೆಯದು’ ಅನ್ನೋ ಲೆಕ್ಕ ಇಲ್ಲೇ ಮುರಿದು ಬೀಳುತ್ತೆ.

ನ್ಯಾನೋಜೈಮ್ ಅಂದರೆ ಈ ಕಿಣ್ವಗಳ ಕೆಲಸವನ್ನು ಮಾಡುವ ಅತಿ ಸಣ್ಣ ಲೋಹದ, ಲೋಹದ ಆಕ್ಸೈಡಿನ, ಅಥವಾ ಇಂಗಾಲದ ಕಣ. 2004ರಲ್ಲಿ ಇಟಲಿಯ ಪಾವ್ಲೊ ಸ್ಕ್ರಿಮಿನ್ ಮತ್ತು ಜೊತೆಗಾರರು ತಮ್ಮ ಚಿನ್ನದ ಕಣಗಳಿಗೆ ಈ ಹೆಸರು ಇಟ್ಟರು. 2007ರಲ್ಲಿ ಬೀಜಿಂಗ್‌ನ ಯಾನ್ ಶಿಯುನ್ ಅವರ ಗುಂಪು ಕಬ್ಬಿಣದ ಆಕ್ಸೈಡ್ ಕಣವೊಂದು ಯಾವ ಲೇಪನವೂ ಇಲ್ಲದೆ ತಾನಾಗಿಯೇ ಪೆರಾಕ್ಸಿಡೇಸ್ ಕಿಣ್ವದಂತೆ ವರ್ತಿಸುವುದನ್ನು ತೋರಿಸಿತು. ಸತ್ತ ಕಲ್ಲಿನ ಪುಡಿ ಅಂದುಕೊಂಡಿದ್ದು ಕಿಣ್ವದ ಕೆಲಸ ಮಾಡಿತು. ಆಮೇಲೆ ಈ ಕ್ಷೇತ್ರ ಬೆಳೆದದ್ದೇ ಬೆಳೆದದ್ದು.

ಮೇಷ್ಟ್ರು:
ಇದನ್ನು ಶಾಲೆಯ ಮೇಜಿನ ಮೇಲೇ ನೋಡಬಹುದು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಇದನ್ನು ಮಾಡಿಸುತ್ತೇನೆ.

ಮೂರು ಗಾಜಿನ ಲೋಟ. ಮೂರಕ್ಕೂ ಮೆಡಿಕಲ್ ಶಾಪಿನ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಎರಡು ಬೆರಳು ಎತ್ತರ. ಒಂದಕ್ಕೆ ಹಸಿ ಆಲೂಗಡ್ಡೆ ಚೂರು. ತಕ್ಷಣ ನೊರೆ ಬರುತ್ತೆ, ಚೂರಿನ ಸುತ್ತ ಸಾಬೂನು ನೊರೆಯ ಹಾಗೆ ಬೆಳ್ಳಗೆ ಏಳುತ್ತೆ. ಅದು ಆಲೂಗಡ್ಡೆಯೊಳಗಿನ ಕ್ಯಾಟಲೇಸ್. ಎರಡನೆಯದಕ್ಕೆ ಚೆನ್ನಾಗಿ ಬೇಯಿಸಿದ ಆಲೂಗಡ್ಡೆ. ಏನೂ ಆಗಲ್ಲ, ಸುಮ್ನೆ ಕೂತಿರುತ್ತೆ. ಕಿಣ್ವ ಅಂದರೆ ಪ್ರೋಟೀನ್, ಬಿಸಿಗೆ ಅದರ ಮಡಿಕೆ ಬಿಚ್ಚಿಹೋಗಿದೆ. ಮೂರನೆಯದಕ್ಕೆ ಲ್ಯಾಬಿನ ಮ್ಯಾಂಗನೀಸ್ ಡೈಆಕ್ಸೈಡ್, ಕಪ್ಪು ಪುಡಿ, ಬರೀ ಚಿಟಿಕೆ. ಬುಸ್ ಅಂತ ಉಕ್ಕುತ್ತೆ. ಆರಿದ ಊದುಬತ್ತಿಯ ಕೆಂಪು ತುದಿಯನ್ನು ಲೋಟದ ಬಾಯಿಗೆ ಹಿಡಿದರೆ ಮತ್ತೆ ಉರಿಯುತ್ತೆ, ಅಂದರೆ ಬಂದದ್ದು ಆಮ್ಲಜನಕ. ಆ ಪುಡಿಯನ್ನು ಸೋಸಿ, ನೀರಲ್ಲಿ ಕುದಿಸಿ ಮತ್ತೆ ಹಾಕಿದರೂ ಉಕ್ಕುತ್ತೆ.

ಹೋದ ವರ್ಷ ಒಬ್ಬಳು ಹುಡುಗಿ ಕೇಳಿದಳು, ‘ಸಾರ್, ಹಾಗಾದ್ರೆ ಈ ಪುಡಿಗೆ ಜೀವ ಇದೆಯಾ?’ ಅಂತ. ನ್ಯಾನೋಜೈಮ್ ಪಾಠವನ್ನು ಅಲ್ಲಿಂದಲೇ ಶುರು ಮಾಡಬೇಕು ಅನ್ನಿಸಿತು. ಜೀವ ಇಲ್ಲ, ಆದರೆ ಜೀವ ಮಾಡುವ ಒಂದು ಕೆಲಸವನ್ನು ಅದು ಮಾಡುತ್ತೆ.

ಗಾಜಿನ ಸೀಸೆ:
ಮೇಷ್ಟ್ರೇ, ಇದಕ್ಕಿಂತ ಚೆನ್ನಾಗಿ ನನ್ನ ಥೀಸಿಸ್ಸಿನ ಮೊದಲ ಅಧ್ಯಾಯ ಬರೆಯಲು ಸಾಧ್ಯವಿಲ್ಲ. ಆ ಮೂರನೇ ಲೋಟವೇ ಇಡೀ ವಿಷಯ.

ನೆಲ್ಲಿಕಾಯಿ:
ನನ್ನದೊಂದು ಪ್ರಶ್ನೆ. ಈ ಕೆಟ್ಟ ಅಣುಗಳನ್ನು ತೆಗೆಯುವ ಆಂಟಿಆಕ್ಸಿಡೆಂಟ್ ತಾನೇ ಬೇಕಿರುವುದು? ವಿಟಮಿನ್ ಸಿ, ವಿಟಮಿನ್ ಇ ಮಾತ್ರೆ ಇದೆ, ನೆಲ್ಲಿಕಾಯಿ ಇದೆ. ಅದಕ್ಕೆ ಲೋಹದ ಪುಡಿ ಯಾಕೆ ಬೇಕು?

ಗಾಜಿನ ಸೀಸೆ:
ಒಳ್ಳೆ ಪ್ರಶ್ನೆ. ವಿಟಮಿನ್ ಸಿ ನೆಲ ಒರೆಸುವ ಬಟ್ಟೆ ಇದ್ದಹಾಗೆ. ಸ್ವಲ್ಪ ನೀರು ಹೀರುತ್ತೆ, ಒದ್ದೆ ಆಯ್ತು, ಮುಗಿಯಿತು. ಹಿಂಡಿಕೊಡಲು ಇನ್ನೊಬ್ಬರು ಬೇಕು. ಕಿಣ್ವ ಬಚ್ಚಲ ಮೋರಿ ಇದ್ದಹಾಗೆ, ನೀರು ಬಂದಷ್ಟೂ ಹೋಗುತ್ತಲೇ ಇರುತ್ತೆ. ನ್ಯಾನೋಜೈಮ್ ಕೂಡ ಮೋರಿಯೇ.

ಸೀರಿಯಂ ಉದಾಹರಣೆ ಕೊಡುತ್ತೇನೆ, ಕೈಯಾರೆ ನೋಡಿದ್ದು ಅದನ್ನೇ. ಸೀರಿಯಂ ಪರಮಾಣು ಎರಡು ರೂಪದಲ್ಲಿ ಇರಬಲ್ಲದು, +3 ಮತ್ತು +4. ಒಂದು ಎಲೆಕ್ಟ್ರಾನ್ ಕೈಗಡ ಕೊಟ್ಟರೆ +4, ವಾಪಸು ಬಂದರೆ +3. ಕಣ 3ರಿಂದ 5 ನ್ಯಾನೋಮೀಟರ್ ಇದ್ದಾಗ ಅದರ ಮೈಮೇಲೆ ಆಮ್ಲಜನಕದ ಪರಮಾಣು ಬಿಟ್ಟುಹೋದ ಖಾಲಿ ಜಾಗಗಳು ಜಾಸ್ತಿ. ಅಲ್ಲೇ ಈ ಕೊಡು-ಕೊಳ್ಳುವ ವ್ಯವಹಾರ ನಡೆಯುತ್ತೆ. ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್, ಹೋಲಿಸಿ ನೋಡಿ.

ನನ್ನ ಮೇಜಿನ ಮೇಲೆ ಒಂದು ಪುಟ್ಟ ಸೀಸೆ ಇರುತ್ತೆ, ಅದರಲ್ಲಿ ಸೀರಿಯಂ ಆಕ್ಸೈಡ್ ಕಣಗಳ ದ್ರಾವಣ, ಹೆಚ್ಚುಕಡಿಮೆ ನೀರಿನ ಬಣ್ಣ. ಒಂದು ತೊಟ್ಟು ಪೆರಾಕ್ಸೈಡ್ ಬಿಟ್ಟರೆ ನೋಡುನೋಡುತ್ತಲೇ ಜೇನಿನ ಬಣ್ಣಕ್ಕೆ ತಿರುಗುತ್ತೆ. ಅದನ್ನು ಹಾಗೇ ಬಿಟ್ಟು ಹತ್ತು ಹದಿನೈದು ದಿನ ಕಾದರೆ ಬಣ್ಣ ಮೆಲ್ಲಗೆ ಇಳಿದು ಮತ್ತೆ ತಿಳಿಯಾಗುತ್ತೆ. ಮತ್ತೆ ತೊಟ್ಟು ಹಾಕಿ, ಮತ್ತೆ ಜೇನು. ಮೊದಲ ಸಲ ಹೀಗೆ ವಾಪಸು ತಿಳಿಯಾದದ್ದನ್ನು ನೋಡಿದ ದಿನ ನಾನು ಊಟಕ್ಕೆ ಹೋಗಲಿಲ್ಲ, ಸೀಸೆಯನ್ನು ಕಿಟಕಿ ಬೆಳಕಿಗೆ ಹಿಡಿದು ಕೂತಿದ್ದೆ.

ರಾತ್ರಿಪಾಳಿ:
ನೆಲ್ಲಿಕಾಯಿ ಅವರಿಗೆ ನಾನೂ ಒಂದು ಮಾತು ಸೇರಿಸುತ್ತೇನೆ. ಹಣ್ಣು ಕಾಯಿ ತಿನ್ನಿ, ಖಂಡಿತ ತಿನ್ನಿ. ಮಾತ್ರೆ ರೂಪದ ಆಂಟಿಆಕ್ಸಿಡೆಂಟ್ ಕಥೆ ಬೇರೆ. ಫಿನ್‌ಲ್ಯಾಂಡ್‌ನಲ್ಲಿ 29,133 ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ದೊಡ್ಡ ಪರೀಕ್ಷೆ ಆಗಿತ್ತು, ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೊಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, 18 ಶೇಕಡಾ ಜಾಸ್ತಿ ಆಯ್ತು. ಆಮೇಲೆ ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ ವಿಟಮಿನ್ ಇ ತಿಂದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಜಾಸ್ತಿ, ಅದು 2011ರ ಲೆಕ್ಕ. ಒಳ್ಳೆಯದಾಗುತ್ತೆ ಅಂತ ನಂಬಿಯೇ ಕೊಟ್ಟದ್ದು.

ಇನ್ನೊಂದು. ಈ ‘ವಿಷ’ ಅಂತ ಕರೆಯುವ ಅಣುಗಳನ್ನು ನಮ್ಮ ಬಿಳಿ ರಕ್ತಕಣಗಳು ಬೇಕಂತಲೇ ತಯಾರಿಸುತ್ತವೆ. ಬ್ಯಾಕ್ಟೀರಿಯಾ ನುಂಗಿದಾಗ ಅದರ ಮೇಲೆ ಸುರಿಯುವುದು ಇದನ್ನೇ. ಇದನ್ನು ತಯಾರಿಸಲು ಆಗದ ಮಕ್ಕಳು ಹುಟ್ಟುತ್ತಾರೆ, ಅಪರೂಪದ ಕಾಯಿಲೆ. ಒಂದಾದ ಮೇಲೊಂದು ಸೋಂಕು, ಕೀವು, ಮತ್ತೆ ಅಡ್ಮಿಟ್. ಅಂಥ ಒಂದು ಮಗುವನ್ನು ನಾನು ತಿಂಗಳುಗಟ್ಟಲೆ ನೋಡಿಕೊಂಡಿದ್ದೇನೆ. ಅದಾದ ಮೇಲೆ ಯಾರಾದರೂ ‘ಫ್ರೀ ರ್ಯಾಡಿಕಲ್ ಎಲ್ಲಾ ತೊಳೆದುಬಿಡುತ್ತೆ’ ಅಂದರೆ ನನಗೆ ಕೇಳಲು ಆಗುವುದಿಲ್ಲ.

ತುಂಗೆಯ ದಡ:
ಇಷ್ಟು ಅರ್ಥ ಆಯ್ತು. ಐಐಎಸ್‌ಸಿಯದ್ದು ಏನು? ಪಾರ್ಕಿನ್ಸನ್ ಹೆಸರು ಯಾಕೆ ಬಂತು?

ಗಾಜಿನ ಸೀಸೆ:
ಅಲ್ಲಿಗೇ ಬರುತ್ತಿದ್ದೆ. ನಾನು ಆ ಲ್ಯಾಬಿನವನಲ್ಲ, ಪೇಪರ್ ಓದಿ ಬೆಳೆದವನು.

ಐಐಎಸ್‌ಸಿಯ ಅಜೈವಿಕ ಮತ್ತು ಭೌತ ರಸಾಯನ ವಿಭಾಗದಲ್ಲಿ ಜಿ. ಮುಗೇಶ್ ಅಂತ ಪ್ರೊಫೆಸರ್ ಇದ್ದಾರೆ. 2019ರ ಇನ್ಫೋಸಿಸ್ ಪ್ರಶಸ್ತಿ ಬಂದದ್ದು ಅವರಿಗೆ. 2014ರಲ್ಲಿ ಅವರ ಗುಂಪು, ಅದೇ ಸಂಸ್ಥೆಯ ಜೀವರಸಾಯನ ವಿಭಾಗದ ಪ್ಯಾಟ್ರಿಕ್ ಡಿಸಿಲ್ವಾ ಜೊತೆ ಸೇರಿ, ವನೇಡಿಯಂ ಪೆಂಟಾಕ್ಸೈಡಿನ ನ್ಯಾನೋ ತಂತಿಗಳ ಬಗ್ಗೆ ಬರೆದರು. ವನೇಡಿಯಂ ಪೆಂಟಾಕ್ಸೈಡ್ ಸಾಮಾನ್ಯ ಪುಡಿಯ ರೂಪದಲ್ಲಿ ವಿಷ, ಅದೇ ಜೀವಕೋಶದಲ್ಲಿ ಆಕ್ಸಿಡೀಕರಣ ಹೆಚ್ಚಿಸುತ್ತೆ. ಆದರೆ ತಂತಿಯ ರೂಪದಲ್ಲಿ, ಗ್ಲುಟಾಥಯೋನ್ (ಜೀವಕೋಶದೊಳಗೇ ಇರುವ ಒಂದು ಸಣ್ಣ ಆಂಟಿಆಕ್ಸಿಡೆಂಟ್ ಅಣು) ಇರುವ ಜಾಗದಲ್ಲಿ, ಅದು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದ ಹಾಗೆ ಪೆರಾಕ್ಸೈಡನ್ನು ನೀರು ಮಾಡಿತು. ತಂತಿಯ ಮೈಮೇಲೆ ಪೆರಾಕ್ಸೈಡ್ ಕೂರುತ್ತೆ, ಗ್ಲುಟಾಥಯೋನ್ ಬಂದು ಅದನ್ನು ಒಡೆಯುತ್ತೆ, ಖರ್ಚಾದ ಗ್ಲುಟಾಥಯೋನನ್ನು ಜೀವಕೋಶದ್ದೇ ಇನ್ನೊಂದು ಕಿಣ್ವ ಮತ್ತೆ ಸರಿಮಾಡುತ್ತೆ. ನಿಜವಾದ ಕಿಣ್ವದಲ್ಲಿ ಈ ಕೆಲಸ ಮಾಡುವುದು ಸೆಲೆನಿಯಂ. ಇಲ್ಲಿ ವನೇಡಿಯಂ. ಅದೇ ಲೋಹ, ಅದೇ ಆಕ್ಸೈಡ್, ಆಕಾರ ಬದಲಾದದ್ದಕ್ಕೆ ಸ್ವಭಾವ ಬದಲಾಯಿತು. ನನ್ನನ್ನು ಈ ಕ್ಷೇತ್ರಕ್ಕೆ ಎಳೆದದ್ದು ಈ ಪೇಪರ್.

ಪಾರ್ಕಿನ್ಸನ್ ಬಂದದ್ದು 2017ರಲ್ಲಿ. ಅದೇ ಗುಂಪು ಮ್ಯಾಂಗನೀಸ್ ಆಕ್ಸೈಡಿನ ಕಣಗಳನ್ನು ಬೇರೆ ಬೇರೆ ಆಕಾರದಲ್ಲಿ ಮಾಡಿ ನೋಡಿತು. ಹೂವಿನ ಆಕಾರದ್ದು, ಎಸಳು ಎಸಳಾಗಿ ಬಿಚ್ಚಿಕೊಂಡಂಥದ್ದು, ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮೇಲೆ ಹೇಳಿದ ಮೂರೂ ಕಿಣ್ವಗಳ ಕೆಲಸವನ್ನು ಆ ಒಂದೇ ಕಣ ಮಾಡಿತು. ಇದು ದೊಡ್ಡ ಮಾತು. ಯಾಕೆಂದರೆ ಸೂಪರ್‌ಆಕ್ಸೈಡನ್ನು ಪೆರಾಕ್ಸೈಡ್ ಮಾಡಿ ಕೈಬಿಡುವುದಿಲ್ಲ, ನೀರು ಮಾಡುವವರೆಗೂ ಒಯ್ಯುತ್ತೆ. ಪಾರ್ಕಿನ್ಸನ್‌ನಂಥ ಹಾನಿಯನ್ನು ಮಾಡುವ ರಾಸಾಯನಿಕವೊಂದನ್ನು ನರಕೋಶದಂಥ ಮಾನವ ಜೀವಕೋಶಗಳಿಗೆ ಕೊಟ್ಟು, ಈ ಹೂವು ಅವನ್ನು ಕಾಪಾಡುತ್ತದಾ ಅಂತ ನೋಡಿದರು. ಕಾಪಾಡಿತು.

ಆದರೆ ಅವು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು. ನಿಮ್ಮ ಅಪ್ಪ ಅಲ್ಲ. ಪೇಪರ್ ಬರೆದವರೂ ಅದನ್ನು ಔಷಧಿ ಅಂತ ಕರೆದಿಲ್ಲ.

ಗಣಿನಾಡು:
ನಮ್ಮದು ಸಂಡೂರು. ಊರಿನ ಗುಡ್ಡದಲ್ಲೇ ಮ್ಯಾಂಗನೀಸ್ ಅದಿರು. ಮ್ಯಾಂಗನೀಸ್ ದೂಳು ಒಳ್ಳೆಯದಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಇಲ್ಲಿ ಅದೇ ಔಷಧಿ ಅಂತಿದ್ದೀರಲ್ಲಾ?

ಗಾಜಿನ ಸೀಸೆ:
ನೀವು ಕೇಳಿದ್ದೇ ಇಡೀ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆ.

ಮ್ಯಾಂಗನೀಸ್ ದೇಹಕ್ಕೆ ಸ್ವಲ್ಪ ಬೇಕು, ಮೈಟೊಕಾಂಡ್ರಿಯದ ಡಿಸ್ಮ್ಯೂಟೇಸ್ ಕಿಣ್ವದೊಳಗೆ ಇರುವುದು ಅದೇ. ಆದರೆ ಜಾಸ್ತಿ ಆದರೆ ಮೆದುಳಿನಲ್ಲಿ ಕೂರುತ್ತೆ. ಆಗ ಬರುವ ಕಾಯಿಲೆ ನೋಡಲು ಪಾರ್ಕಿನ್ಸನ್ ತರಹವೇ ಇರುತ್ತೆ. ಮುಖ ಬಿಗಿಯುತ್ತೆ, ನಡಿಗೆ ಕೆಡುತ್ತೆ. 1837ರಲ್ಲೇ ಸ್ಕಾಟ್ಲೆಂಡಿನ ಜಾನ್ ಕೂಪರ್ ಎಂಬ ವೈದ್ಯ ಮ್ಯಾಂಗನೀಸ್ ಅದಿರು ಪುಡಿ ಮಾಡುವ ಕೆಲಸಗಾರರಲ್ಲಿ ಇದನ್ನು ಕಂಡು ಬರೆದಿದ್ದಾನೆ.

ಈಗ ತುಂಗೆಯ ದಡ ಅವರೇ, ಯೋಚಿಸಿ. ತಟ್ಟೆಯಲ್ಲಿ ನರಕೋಶವನ್ನು ಕಾಪಾಡಿದ ಲೋಹವೇ ಅಳತೆ ಮೀರಿದರೆ ಅದೇ ಕಾಯಿಲೆಯ ಲಕ್ಷಣ ತರುತ್ತೆ. ಹನಿಯೊಳಗೆ ಇರುವುದು ಮ್ಯಾಂಗನೀಸಾ, ಸೀರಿಯಂ ಆ, ಬರೀ ಬಣ್ಣದ ನೀರಾ ಗೊತ್ತಿಲ್ಲ. ಒಂದು ವೇಳೆ ನಿಜವಾದ ನ್ಯಾನೋ ಹೂವೇ ಇದ್ದರೂ, ಹೊಟ್ಟೆಯ ಆಮ್ಲದಲ್ಲಿ ಕರಗಿದಷ್ಟೂ ಅದು ಬರೀ ಮ್ಯಾಂಗನೀಸ್ ಉಪ್ಪು. ಆಕಾರ ಹೋಯ್ತು ಅಂದರೆ ಕಿಣ್ವದ ಗುಣವೂ ಹೋಯ್ತು.

ತುಂಗೆಯ ದಡ:
ಮೈ ಜುಮ್ ಅಂತು. ಹತ್ತು ದಿನ ಕೊಟ್ಟಿದ್ದೇವೆ.

ರಾತ್ರಿಪಾಳಿ:
ಹೆದರಬೇಡಿ. ಡಾಕ್ಟರ ಹತ್ತಿರ ಬಾಟಲಿ ತೆಗೆದುಕೊಂಡು ಹೋಗಿ, ಎಷ್ಟು ದಿನ, ಎಷ್ಟು ಹನಿ ಅಂತ ಬರೆದುಕೊಂಡು ಹೋಗಿ. ಬೇಕಾದ ಪರೀಕ್ಷೆ ಅವರು ಹೇಳುತ್ತಾರೆ. ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರೇ ಹೇಳಲಿ.

ತೋಟದ ಮನೆ:
ನಡುವೆ ಬಂದೆ, ಕ್ಷಮಿಸಿ. ನಮ್ಮ ಕಡೆ ಬೆಳೆಗೆ ಹೊಡೆಯುವ ನ್ಯಾನೋ ಸ್ಪ್ರೇ ಅಂತ ಮಾತು ಶುರುವಾಗಿದೆ. ಬಿಸಿಲಿಗೆ ಎಲೆ ಸುಡುವುದು ಕಡಿಮೆ ಆಗುತ್ತಂತೆ. ಗಿಡಕ್ಕೂ ಈ ಕಣ ಕೆಲಸ ಮಾಡುತ್ತದಾ?

ಗಾಜಿನ ಸೀಸೆ:
ಗಿಡಕ್ಕೂ ಇದೇ ತೊಂದರೆ ಇದೆ. ಬಿಸಿಲು ವಿಪರೀತ ಆದಾಗ ಎಲೆಯ ಹರಿತ್ತಿನ ಕಣದಲ್ಲಿ ಸೂಪರ್‌ಆಕ್ಸೈಡ್, ಪೆರಾಕ್ಸೈಡ್ ಜಾಸ್ತಿ ಹುಟ್ಟುತ್ತವೆ. 2017ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಅರಬಿಡಾಪ್ಸಿಸ್ ಅನ್ನೋ, ಸಾಸಿವೆ ಕುಟುಂಬದ ಪುಟ್ಟ ಗಿಡದ ಎಲೆಗೆ ಸೀರಿಯಂ ಆಕ್ಸೈಡ್ ಕಣ ಸೇರಿಸಿ ನೋಡಿದರು. +3 ರೂಪದ ಸೀರಿಯಂ ಸುಮಾರು 35 ಶೇಕಡಾ ಇದ್ದ ಕಣಗಳು ಎಲೆಯೊಳಗಿನ ಈ ಅಣುಗಳನ್ನು ಅರ್ಧದಷ್ಟು ಇಳಿಸಿದವು. +3 ರೂಪ ಸುಮಾರು 61 ಶೇಕಡಾ ಇದ್ದ ಕಣಗಳು ಅವನ್ನು ಇಳಿಸಲಿಲ್ಲ, ಏರಿಸಿದವು. ಗಿಡಕ್ಕೆ ರಕ್ಷಣೆಯೂ ಸಿಗಲಿಲ್ಲ.

ಎರಡೂ ಸೀರಿಯಂ ಆಕ್ಸೈಡೇ. ಎರಡೂ ನ್ಯಾನೋ. ಕ್ಯಾನಿನ ಮೇಲೆ ಒಂದೇ ಹೆಸರು ಬರೆಯಬಹುದು. ನಿಮ್ಮ ತೋಟಕ್ಕೆ ಬರುವುದು ಯಾವುದು ಅಂತ ಹೇಳುವವರು ಯಾರು? ಕೃಷಿ ವಿಶ್ವವಿದ್ಯಾಲಯದವರನ್ನು ಕೇಳದೆ ಹೊಡೆಯಬೇಡಿ ಅಂತಷ್ಟೇ ಹೇಳಬಲ್ಲೆ.

ನೆಲ್ಲಿಕಾಯಿ:
ಒಂದು ಕೇಳಲಾ? ಬೇಜಾರು ಮಾಡಿಕೊಳ್ಳಬೇಡಿ. ಎಲ್ಲದಕ್ಕೂ ‘ಬೇಡ, ಬೇಡ’ ಅಂತಿದ್ದೀರಿ. ಹಾಗಾದರೆ ಇಪ್ಪತ್ತು ವರ್ಷದಿಂದ ಈ ಸಂಶೋಧನೆ ಯಾಕೆ? ಜನರಿಗೆ ಉಪಯೋಗಕ್ಕೆ ಬರೋದು ಯಾವಾಗ?

ಗಾಜಿನ ಸೀಸೆ:
ಬೇಜಾರಿಲ್ಲ. ನನ್ನ ಅಮ್ಮನೂ ಇದೇ ಕೇಳುತ್ತಾರೆ.

ಸಿಯೋಲ್‌ನಲ್ಲಿ 2012ರಲ್ಲಿ ಪಾರ್ಶ್ವವಾಯು ಆದ ಇಲಿಗಳಿಗೆ 3 ನ್ಯಾನೋಮೀಟರಿನ ಸೀರಿಯಂ ಆಕ್ಸೈಡ್ ಕಣ ಕೊಟ್ಟರು. ಕಿಲೋ ತೂಕಕ್ಕೆ 0.5 ಮತ್ತು 0.7 ಮಿಲಿಗ್ರಾಂ ಕೊಟ್ಟಾಗ ಮೆದುಳಿನ ಹಾನಿ ಸ್ಪಷ್ಟವಾಗಿ ಕಡಿಮೆ ಆಯ್ತು. ಅಳತೆ ಎಷ್ಟು ಕಿರಿದು ನೋಡಿ. ಐಐಎಸ್‌ಸಿಯ ಮುಗೇಶ್ ಗುಂಪು, ಅಲ್ಲಿಯದ್ದೇ ಸೋಂಕು ರೋಗಗಳ ಕೇಂದ್ರದ ಅಮಿತ್ ಸಿಂಗ್ ಅವರ ಜೊತೆ 2021ರಲ್ಲಿ ಇನ್ನೊಂದು ಕೆಲಸ ಪ್ರಕಟಿಸಿತು. ಎಚ್‌ಐವಿ ವೈರಸ್ ರಕ್ತದ ಜೀವಕೋಶದಲ್ಲಿ ವರ್ಷಗಟ್ಟಲೆ ಮಲಗಿರುತ್ತೆ, ಪೆರಾಕ್ಸೈಡ್ ಜಾಸ್ತಿ ಆದರೆ ಎಚ್ಚರವಾಗುತ್ತೆ. ವನೇಡಿಯಂನ ನ್ಯಾನೋ ಹಾಳೆಗಳು ಪೆರಾಕ್ಸೈಡನ್ನು ಇಳಿಸಿ ಅದು ಏಳದಂತೆ ನೋಡಿಕೊಂಡವು. 2025ರಲ್ಲಿ ಇಲಿಗಳ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ವನೇಡಿಯಂ ಕಣದಿಂದ ತಡೆದ ಕೆಲಸವೂ ಬಂತು. ಸಣ್ಣ ಕೆಲಸಗಳಲ್ಲ ಇವು.

ಇಷ್ಟಾದರೂ ಆಸ್ಪತ್ರೆಗೆ ಬರಲು ತಡ ಯಾಕೆ ಅಂತ ನನ್ನದೇ ಅನುಭವದಿಂದ ಹೇಳುತ್ತೇನೆ. ಎರಡನೇ ವರ್ಷದಲ್ಲಿ ನನ್ನ ಕಣಗಳು ಕೆಲಸ ಮಾಡುವುದನ್ನೇ ನಿಲ್ಲಿಸಿದವು. ಶುದ್ಧ ನೀರಿನಲ್ಲಿ ಸೂಪರ್‌ಆಕ್ಸೈಡನ್ನು ಚೆನ್ನಾಗಿ ತೆಗೆಯುತ್ತಿದ್ದ ಕಣ, ಜೀವಕೋಶಗಳ ಜೊತೆ ಹಾಕಿದ ತಕ್ಷಣ ಮಂಕು. ಮೂರು ತಿಂಗಳು ಹೊಸ ಹೊಸದಾಗಿ ಕಣ ಮಾಡಿದೆ. ಕೊನೆಗೆ ನೋಡಿದರೆ ಜೀವಕೋಶಗಳನ್ನು ಇಡುವ ದ್ರಾವಣ, ಅಂದರೆ ಬಫರ್‌ನಲ್ಲಿದ್ದ ಫಾಸ್ಫೇಟ್! ಅದು ಹೋಗಿ ಸೀರಿಯಂ +3 ಜೊತೆ ಅಂಟಿಕೊಂಡು ಕೂತಿತ್ತು, ಕೈಗಡ ಕೊಡಲು ಕೈಯೇ ಖಾಲಿ ಇರಲಿಲ್ಲ. ಫಾಸ್ಫೇಟ್ ನಮ್ಮ ರಕ್ತದಲ್ಲಿದೆ, ಪ್ರತಿ ಜೀವಕೋಶದಲ್ಲಿದೆ. ಅಂದರೆ ಸೀಸೆಯಲ್ಲಿ ನಾನು ನೋಡಿದ ಗುಣ ದೇಹದೊಳಗೆ ಹಾಗೇ ಇರುತ್ತೆ ಅಂತ ಹೇಳಲು ಆಗಲ್ಲ.

ಕಬ್ಬಿಣದ ಆಕ್ಸೈಡ್ ಇನ್ನೂ ವಿಚಿತ್ರ. ಪಿಹೆಚ್ 7ರ ಹತ್ತಿರ ಅದು ಕ್ಯಾಟಲೇಸ್ ಹಾಗೆ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕ ಮಾಡುತ್ತೆ. ಪಿಹೆಚ್ 5ರ ಕೆಳಗೆ, ಅಂದರೆ ಆಮ್ಲದ ಕಡೆಗೆ ಹೋದರೆ ಅದೇ ಕಣ ಅದೇ ಪೆರಾಕ್ಸೈಡಿನಿಂದ ಹೈಡ್ರಾಕ್ಸಿಲ್ ರ್ಯಾಡಿಕಲ್ ಹುಟ್ಟಿಸುತ್ತೆ. ಜೀವಕೋಶ ಹೊರಗಿನ ಕಣವನ್ನು ನುಂಗಿದರೆ ಒಯ್ದು ಇಡುವುದು ಲೈಸೋಸೋಮ್ ಎಂಬ ಚೀಲದಲ್ಲಿ, ಅಲ್ಲಿ ಇರುವುದು ಆಮ್ಲವೇ. ಕಾವಲಿಗೆ ಅಂತ ಕಳಿಸಿದ್ದು ಯಾವ ಕೋಣೆಯಲ್ಲಿ ಹೋಗಿ ಕೂತಿತು ಅನ್ನೋದರ ಮೇಲೆ ಅದು ಕಾವಲಾ ಕೇಡಾ ಅಂತ ನಿರ್ಧಾರ ಆಗುತ್ತೆ. ಈ ಕೇಡನ್ನೂ ಉಪಯೋಗಿಸುವವರಿದ್ದಾರೆ. ಹಲ್ಲಿನ ಮೇಲಿನ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವಲ್ಲ, ಅಲ್ಲಿ ಕಬ್ಬಿಣದ ಆಕ್ಸೈಡ್ ಕಣ, ಸ್ವಲ್ಪ ಪೆರಾಕ್ಸೈಡ್ ಬಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ. ಪೆನ್ಸಿಲ್ವೇನಿಯಾದಲ್ಲಿ ಇದರ ಕೆಲಸ ನಡೆದಿದೆ.

ಆಮೇಲೆ ಕಣ ದೇಹದಿಂದ ಹೊರಗೆ ಹೋಗಬೇಕಲ್ವಾ? ಸುಮಾರು 5-6 ನ್ಯಾನೋಮೀಟರಿಗಿಂತ ಸಣ್ಣದಾದರೆ ಮೂತ್ರದಲ್ಲಿ ಹೋಗಬಹುದು, ದೊಡ್ಡದಾದರೆ ಯಕೃತ್ತು, ಗುಲ್ಮದಲ್ಲಿ ಉಳಿಯುತ್ತೆ. ಪ್ರೋಟೀನ್ ಕಿಣ್ವ ಹಳೆಯದಾದರೆ ದೇಹವೇ ಅದನ್ನು ಒಡೆದು ಹಾಕುತ್ತೆ. ಲೋಹದ ಕಣ ಹಾಗಲ್ಲ. ಕುದಿಸಿದರೂ ಕೆಡುವುದಿಲ್ಲ ಅಂತ ಮೇಷ್ಟ್ರು ತೋರಿಸಿದರಲ್ಲ, ಲೋಟದಲ್ಲಿ ಅದು ಅದರ ಒಳ್ಳೆಯ ಗುಣ. ಯಕೃತ್ತಿನಲ್ಲಿ ಅದೇ ಗುಣ ತಲೆನೋವು.

ಅದಕ್ಕೇ ನಾನು ಕೇಳುವುದು ಇಷ್ಟೇ. ಯಾವ ಲೋಹ, ಯಾವ ಆಕಾರ, ಎಷ್ಟು ಅಳತೆ, ದೇಹದ ಯಾವ ಜಾಗ, ಎಷ್ಟು ದಿನ. ಇವಕ್ಕೆ ಉತ್ತರ ಕೊಡದೆ ಬರೀ ‘ನ್ಯಾನೋ’ ಅಂದರೆ ಅದು ಔಷಧಿ ಅಲ್ಲ. ನಮ್ಮ ಕೆಲಸವನ್ನು ಹೀಗೆ ಬಾಟಲಿಯಲ್ಲಿ ತುಂಬಿ ಮಾರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ನಾಳೆ ನಿಜವಾದ ಔಷಧಿ ಬಂದಾಗ ನಿಮ್ಮ ಅಮ್ಮನೇ ನಂಬುವುದಿಲ್ಲ.

ಮೇಷ್ಟ್ರು:
ಕೊನೆಯ ಮಾತು ನಾಟಿತು. ಈ ವರ್ಷ ನಾಲ್ಕನೇ ಲೋಟ ಇಡುತ್ತೇನೆ. ಪೆರಾಕ್ಸೈಡ್ ಇಲ್ಲದೆ ಬರೀ ನೀರು, ಅದಕ್ಕೂ ಕಪ್ಪು ಪುಡಿ. ಏನೂ ಆಗಲ್ಲ, ನೀರು ಕಪ್ಪಾಗುತ್ತೆ ಅಷ್ಟೆ. ಕೆಲಸ ಇಲ್ಲದ ಜಾಗದಲ್ಲಿ ಪುಡಿ ಹಾಕಿದರೆ ಪುಡಿ ಮಾತ್ರ ಉಳಿಯುತ್ತೆ ಅಂತ ಮಕ್ಕಳಿಗೆ ತೋರಿಸಬೇಕು.

ತುಂಗೆಯ ದಡ:
ಆರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗಿ ಬಂದೆವು. ಅಮ್ಮನೇ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರು. ಡಾಕ್ಟರು ಬಯ್ಯಲಿಲ್ಲ, ರಕ್ತ ಪರೀಕ್ಷೆ ಬರೆದುಕೊಟ್ಟರು. ಮಾತ್ರೆಯ ಹೊತ್ತನ್ನು ಸ್ವಲ್ಪ ಬದಲಾಯಿಸಿದ್ದಾರೆ, ಊಟಕ್ಕೆ ಅರ್ಧ ಗಂಟೆ ಮೊದಲು. ಎರಡು ದಿನದಿಂದ ಅಪ್ಪ ಬೆಳಿಗ್ಗೆ ತಾವೇ ಹಲ್ಲುಜ್ಜುತ್ತಿದ್ದಾರೆ.

ನಿನ್ನೆ ಸಂಜೆ ಮೇಷ್ಟ್ರು ಹೇಳಿದ ಹಾಗೆ ಆಲೂಗಡ್ಡೆ ಪ್ರಯೋಗ ಮಾಡಿದೆ. ಕಪ್ಪು ಪುಡಿ ಸಿಗಲಿಲ್ಲ, ಹಸಿದು ಒಂದು, ಬೇಯಿಸಿದ್ದು ಒಂದು. ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ನೊರೆ ಬಂದಾಗ ಅಮ್ಮ ಕೇಳಿದರು, ‘ಇದು ಇವರ ತಲೆಯೊಳಗೂ ಇದೆಯಾ?’ ಅಂತ. ನನಗೆ ಉತ್ತರ ಗೊತ್ತಿರಲಿಲ್ಲ. ಇಲ್ಲಿ ಕೇಳಿ ಹೇಳ್ತೀನಿ ಅಂದೆ.

ಗಾಜಿನ ಸೀಸೆ:
ಇದೆ ಅಂತ ಹೇಳಿ. ಮೆದುಳಿನಲ್ಲಿ ಕ್ಯಾಟಲೇಸ್ ಯಕೃತ್ತಿನಲ್ಲಿ ಇರುವಷ್ಟು ಇಲ್ಲ, ಬಹಳ ಕಡಿಮೆ. ಅಲ್ಲಿ ಪೆರಾಕ್ಸೈಡನ್ನು ನೀರು ಮಾಡುವ ಕೆಲಸ ಜಾಸ್ತಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಡೆಯವರದ್ದು. ನೊರೆ ಬರುವುದಿಲ್ಲ, ಸದ್ದಿಲ್ಲದೆ ನಡೆಯುತ್ತೆ. ಅಪ್ಪನಿಗೂ ಹೇಳಿ, ಈಗಲೂ ನಡೆಯುತ್ತಿದೆ ಅಂತ.